ಸೀಸನ್ ನಡುವೆ ಕಾಲೇಜು ಬಾಸ್ಕೆಟ್‌ಬಾಲ್ ತಂಡ ಎಲ್ಲಿ ಸುಧಾರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಶಿರಾ, ತಿಪಟೂರು, ಕುಣಿಗಲ್ ಕಡೆಯ ಕಾಲೇಜುಗಳ ಆಟಗಾರರು, ಕ್ಯಾಪ್ಟನ್‌ಗಳು, ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗಳು, ಮೇಡಂಗಳು ಸೀಸನ್ ಶುರುವಾದ ಮೇಲೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ತುಮಕೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗೆ ಹೋಗುವ ಡಿಗ್ರಿ ಕಾಲೇಜಿಗೂ ವಿಟಿಯು ಪಂದ್ಯಾವಳಿಗೆ ಹೋಗುವ ಎಂಜಿನಿಯರಿಂಗ್ ಕಾಲೇಜಿಗೂ ಉತ್ತರಗಳು ಒಂದೇ. ನಿಯಮದ ಅಂಕಿಗಳೆಲ್ಲ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದವು. ಸ್ಥಳೀಯ ಟೂರ್ನಮೆಂಟ್‌ಗಳಲ್ಲಿ ಆಟದ ಸಮಯ ಕಡಿಮೆ ಇಡುವುದುಂಟು, ಅದನ್ನು ಮ್ಯಾನೇಜರ್ಸ್ ಮೀಟಿಂಗ್‌ನಲ್ಲೇ ಕೇಳಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಎರಡು ಮ್ಯಾಚ್ ಸೋತಾಯ್ತು. ಇನ್ನು ಮೂರು ವಾರ ಇದೆ. ಈಗ ಏನು ಸರಿ ಮಾಡಬಹುದು, ಏನು ಆಗಲ್ಲ?

ಮೂರು ವಾರದಲ್ಲಿ ಯಾರ ಶೂಟಿಂಗ್ ಶೈಲಿಯನ್ನೂ ಬದಲಿಸಲು ಹೋಗಬೇಡಿ. ಮೊಣಕೈ ತಿದ್ದಲು ಶುರು ಮಾಡಿದರೆ ಮೊದಲ ಕೆಲವು ವಾರ ಹುಡುಗ ಇನ್ನೂ ಕೆಟ್ಟದಾಗಿ ಎಸೆಯುತ್ತಾನೆ, ಅಷ್ಟರಲ್ಲಿ ಸೀಸನ್ನೇ ಮುಗಿದಿರುತ್ತದೆ. ಜಿಗಿತದ ಎತ್ತರ, ಎಡಗೈ ಡ್ರಿಬ್ಲಿಂಗ್ ಎರಡೂ ರಜೆಯ ತಿಂಗಳುಗಳ ಕೆಲಸ.

ಈಗ ಬದಲಾಗುವುದು ಅಭ್ಯಾಸಕ್ಕೆ ಸೇರಿದ ವಿಷಯಗಳು: ಬಾಲ್ ಕಳೆದುಕೊಳ್ಳದಿರುವುದು, ಡಿಫೆನ್ಸಿವ್ ರೀಬೌಂಡ್ (ಎದುರಾಳಿ ತಪ್ಪಿಸಿದ ಶಾಟ್ ಹಿಡಿಯುವುದು), ಬೇಡದ ಫೌಲ್, ಪ್ರೆಸ್ (ಕೋರ್ಟಿನ ಉದ್ದಕ್ಕೂ ಬೆನ್ನಟ್ಟುವ ಡಿಫೆನ್ಸ್) ಬಿಡಿಸಿಕೊಳ್ಳುವುದು, ಕೊನೆಯ ಎರಡು ನಿಮಿಷದ ಲೆಕ್ಕ. ಇವುಗಳಲ್ಲೂ ಒಂದು ಸಲಕ್ಕೆ ಎರಡನ್ನೇ ಆರಿಸಿ. ಐದನ್ನೂ ಹಿಡಿದ ತಂಡ ಐದರಲ್ಲೂ ಅರ್ಧಂಬರ್ಧ ಕಲಿತು ಕೋರ್ಟಿಗೆ ಇಳಿಯುತ್ತದೆ. ಯಾವ ಎರಡು ಎಂಬುದನ್ನು ಮಾತ್ರ ಅಂದಾಜಿನ ಮೇಲೆ ತೀರ್ಮಾನಿಸಬೇಡಿ. ಅದಕ್ಕೆ ಮುಂದಿನ ಉತ್ತರ ಓದಿ.

ಎಲ್ಲಿ ಸೋಲ್ತಿದೀವಿ ಅಂತ ಗೊತ್ತಾಗೋದು ಹೆಂಗೆ? ನಮ್ಮ ಹತ್ರ ವಿಡಿಯೋ, ಆ್ಯಪ್ ಏನೂ ಇಲ್ಲ.

ಒಂದು ನೋಟ್‌ಬುಕ್, ಬೆಂಚಿನಲ್ಲಿ ಕೂತ ಇಬ್ಬರು ಸಾಕು. ಒಬ್ಬರು ನಮ್ಮ ತಂಡದ್ದನ್ನೂ ಇನ್ನೊಬ್ಬರು ಎದುರಾಳಿಯದನ್ನೂ ಗೀಟು ಹಾಕುತ್ತಾ ಹೋಗಲಿ. ಬರೆಯಬೇಕಾದ್ದು ಇಷ್ಟು: ಎಸೆದ ಶಾಟ್, ಬಿದ್ದ ಶಾಟ್ (ತ್ರೀ ಪಾಯಿಂಟ್ ಬೇರೆ), ಫ್ರೀ ಥ್ರೋ ಎಸೆದದ್ದು ಮತ್ತು ಬಿದ್ದದ್ದು, ಆಫೆನ್ಸಿವ್ ರೀಬೌಂಡ್ (ತಾವೇ ತಪ್ಪಿಸಿದ ಶಾಟ್ ಮತ್ತೆ ತಮಗೇ ಸಿಗುವುದು), ಡಿಫೆನ್ಸಿವ್ ರೀಬೌಂಡ್, ಟರ್ನೋವರ್. ಟರ್ನೋವರ್ ಎಂದರೆ ಶಾಟ್ ಎಸೆಯದೆಯೇ ಬಾಲ್ ಎದುರಾಳಿಗೆ ಹೋದ ಪ್ರತಿ ಸಲ: ಕೆಟ್ಟ ಪಾಸ್, ಟ್ರಾವೆಲಿಂಗ್ (ಬಾಲ್ ಹಿಡಿದು ನಿಯಮ ಮೀರಿ ಹೆಜ್ಜೆ ಇಡುವುದು), ಮೂರು ಸೆಕೆಂಡ್ (ಎದುರಾಳಿ ರಿಂಗಿನ ಮುಂದಿನ ಚೌಕದಲ್ಲಿ, ಅಂದರೆ ಪೇಂಟ್‌ನಲ್ಲಿ, ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು), ಆಫೆನ್ಸಿವ್ ಫೌಲ್ ಎಲ್ಲ ಸೇರಿ.

ಆಟ ಮುಗಿದ ಮೇಲೆ ಬಾಲ್ ಎಷ್ಟು ಸಲ ನಮ್ಮ ಕೈಗೆ ಬಂತು ಎಂದು ಲೆಕ್ಕ ಹಾಕಿ. ಸೂತ್ರ ಸುಲಭ: ಎಸೆದ ಶಾಟ್‌ಗಳಿಗೆ ಫ್ರೀ ಥ್ರೋ ಸಂಖ್ಯೆಯ 0.44 ಪಾಲನ್ನೂ ಟರ್ನೋವರ್‌ಗಳನ್ನೂ ಕೂಡಿಸಿ, ಆಫೆನ್ಸಿವ್ ರೀಬೌಂಡ್ ಕಳೆಯಿರಿ.

ಒಂದು ಉದಾಹರಣೆ ನೋಡೋಣ. 58 ಶಾಟ್, 16 ಫ್ರೀ ಥ್ರೋ, 22 ಟರ್ನೋವರ್, 10 ಆಫೆನ್ಸಿವ್ ರೀಬೌಂಡ್. 58 + 7 + 22 − 10 = 77. ಅಂದರೆ 77 ಸಲ ಬಾಲ್ ಬಂತು, 22 ಸಲ ಎಸೆಯುವ ಮೊದಲೇ ಹೋಯಿತು, ನೂರಕ್ಕೆ 28ಕ್ಕಿಂತ ಹೆಚ್ಚು. ಈ ತಂಡ 52 ಅಂಕ ಗಳಿಸಿದೆ ಎಂದುಕೊಳ್ಳಿ. ಬಾಲ್ ಉಳಿಸಿಕೊಂಡ 55 ಸಲದಲ್ಲಿ 52 ಅಂಕ, ಹೆಚ್ಚುಕಡಿಮೆ ಸಲಕ್ಕೊಂದು. ಟರ್ನೋವರ್ 22ರಿಂದ 15ಕ್ಕೆ ಇಳಿದರೆ, ಶೂಟಿಂಗ್ ಒಂದಿಷ್ಟೂ ಸುಧಾರಿಸದೆ ಆರೇಳು ಅಂಕ ಹೆಚ್ಚು ಬರುತ್ತದೆ. ಎದುರಾಳಿಗೆ ಸಿಗುವ ಫಾಸ್ಟ್ ಬ್ರೇಕ್ ಲೇಅಪ್‌ಗಳೂ (ನಮ್ಮವರು ಹಿಂದಿರುಗುವ ಮೊದಲೇ ಓಡಿ ಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್) ಕಡಿಮೆಯಾಗುತ್ತವೆ, ಅದು ಬೇರೆ ಲಾಭ.

ಇದೇ ಹಾಳೆಯಿಂದ ಇನ್ನೊಂದು ಲೆಕ್ಕ: ಎದುರಾಳಿ ತಪ್ಪಿಸಿದ ಶಾಟ್‌ಗಳ ರೀಬೌಂಡಿನಲ್ಲಿ ನಮಗೆ ಸಿಕ್ಕಿದ್ದೆಷ್ಟು? ಹತ್ತರಲ್ಲಿ ಏಳಕ್ಕಿಂತ ಕಡಿಮೆಯಿದ್ದರೆ ಮೊದಲು ಅಲ್ಲಿಗೆ ಕೈಹಾಕಿ. ಎರಡು ಮೂರು ಮ್ಯಾಚ್‌ಗಳ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರೆ ತಂಡದ ನಿಜವಾದ ತೊಂದರೆ ತಾನಾಗಿ ಕಾಣುತ್ತದೆ. ‘ನಮ್ಮ ಶೂಟಿಂಗ್ ಸರಿಯಿಲ್ಲ’ ಎಂದು ಎಲ್ಲರೂ ಹೇಳುವ ತಂಡಗಳಲ್ಲಿ ಬಹುಪಾಲು ಮೊದಲು ಬಾಲ್ ಕಳೆದುಕೊಳ್ಳುವ ತಂಡಗಳೇ.

ಅರ್ಧ ಟೀಮ್ ಶಿರಾ, ಗುಬ್ಬಿ, ಕುಣಿಗಲ್ ಬಸ್ ಹಿಡೀಬೇಕು. ಸಂಜೆ ಸಿಗೋದು ಒಂದೂಕಾಲು ಗಂಟೆ. ಅದರಲ್ಲಿ ಏನೇನು ಮಾಡೋದು?

75 ನಿಮಿಷ ಧಾರಾಳ, ಹಾಳು ಮಾಡದಿದ್ದರೆ. ಸಮಯ ಹಾಳಾಗುವುದು ಮೂರು ಕಡೆ: ಬಾಲ್‌ಗಾಗಿ ಸಾಲಿನಲ್ಲಿ ನಿಲ್ಲುವುದು, ಮಧ್ಯೆ ಭಾಷಣ, ಮತ್ತು ‘ಆಮೇಲೆ ಮ್ಯಾಚ್ ಆಡೋಣ’ ಎಂದು ಅರ್ಧ ಗಂಟೆ ಲೆಕ್ಕವಿಲ್ಲದ ಆಟ.

ಹೀಗೆ ಹಂಚಿ ನೋಡಿ: ವಾರ್ಮಪ್ ಮತ್ತು ಲ್ಯಾಂಡಿಂಗ್ ವ್ಯಾಯಾಮ 10 ನಿಮಿಷ, ಓಡುತ್ತಾ ಪಾಸ್ ಮತ್ತು ಎರಡೂ ಕೈಯ ಲೇಅಪ್ 8, ಆ ವಾರ ಆರಿಸಿಕೊಂಡ ಮೊದಲ ವಿಷಯ 15, ಎರಡನೆಯದು 12, ಫ್ರೀ ಥ್ರೋ 5, ಐದೈದು ಜನರ ಆಟ 20, ಕೊನೆಗೆ ಸ್ಟ್ರೆಚಿಂಗ್ ಮತ್ತು ಎರಡು ಮಾತು 5. ಐದೈದರ ಆಟಕ್ಕೂ ಆ ವಾರದ ನಿಯಮ ಇರಲಿ. ಉದಾಹರಣೆಗೆ ಟರ್ನೋವರ್ ವಾರದಲ್ಲಿ ಬಾಲ್ ಕಳೆದುಕೊಂಡರೆ ಒಂದು ಅಂಕ ಕಡಿತ. ಪಿ.ಡಿ. ಸರ್ ಬರುವುದು ತಡವಾದರೂ ಕ್ಯಾಪ್ಟನ್ ಶುರು ಮಾಡಬಹುದಾದಂತೆ ಈ ಪಟ್ಟಿ ಹಿಂದಿನ ದಿನವೇ ಗ್ರೂಪಿನಲ್ಲಿ ಹೋಗಿರಲಿ.

ಇಂಟರ್ನಲ್ಸ್ ಇರುವ ವಾರ ಅಭ್ಯಾಸವನ್ನು 40 ನಿಮಿಷಕ್ಕೆ ಇಳಿಸಿ, ನಿಲ್ಲಿಸಬೇಡಿ.

ನಮ್ಮದು ಸಿಮೆಂಟ್ ಕೋರ್ಟು, ಧೂಳು ಬೇರೆ. ಬೇರೆ ಕಡೆ ಹೋದ್ರೆ ಒಂದೂ ಬಾಲ್ ಬೀಳಲ್ಲ. ಯಾಕೆ?

ಮೊದಲು ನಿಮ್ಮ ರಿಂಗಿನ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ನೆಲದಿಂದ ರಿಂಗಿನ ಮೇಲಂಚಿಗೆ 3.05 ಮೀಟರ್ ಇರಬೇಕು. ಕೋರ್ಟಿಗೆ ಹೊಸದಾಗಿ ಕಾಂಕ್ರೀಟ್ ಹಾಕಿದ ಕಡೆ, ಕಂಬ ಬಾಗಿದ ಕಡೆ, ಹುಡುಗರು ನೇತಾಡಿ ರಿಂಗ್ ಮುಂದಕ್ಕೆ ಬಗ್ಗಿದ ಕಡೆ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಅದಕ್ಕೆ ಒಗ್ಗಿದ ಕೈ ಸರಿಯಾದ ರಿಂಗಿನಲ್ಲಿ ತಪ್ಪುತ್ತದೆ. ತ್ರೀ ಪಾಯಿಂಟ್ ಗೆರೆಯನ್ನೂ ನೋಡಿ: ಈಗಿನದು 6.75 ಮೀಟರ್, ಹಳೆಯ ಕೋರ್ಟ್‌ಗಳಲ್ಲಿ 6.25ರ ಗೆರೆಯೇ ಉಳಿದಿರುತ್ತದೆ. ಸುಣ್ಣದಲ್ಲಾದರೂ ಹೊಸ ಗೆರೆ ಎಳೆದುಕೊಳ್ಳಿ.

ಬಾಲ್ ಗಾಳಿ ಪರೀಕ್ಷೆ: ಬಾಲಿನ ತಳ ನೆಲದಿಂದ 1.8 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಬಿಡಿ. ಪುಟಿದಾಗ ಬಾಲಿನ ಮೇಲ್ಭಾಗ 1.2ರಿಂದ 1.4 ಮೀಟರ್ ನಡುವೆ ಬಂದರೆ ಸರಿ. ಸವೆದು ನುಣುಪಾದ ರಬ್ಬರ್ ಬಾಲಿನಲ್ಲೇ ಸೀಸನ್ ಪೂರ್ತಿ ಅಭ್ಯಾಸ ಮಾಡಬೇಡಿ. ಮ್ಯಾಚ್ ಬಾಲ್ ಒಂದನ್ನಾದರೂ ಕಾಲೇಜಿನಿಂದ ಕೇಳಿ ಪಡೆಯಿರಿ.

ಆಡುವ ಮೊದಲು ಕೋರ್ಟ್ ಗುಡಿಸಿ, ಒದ್ದೆ ಗೋಣಿಚೀಲ ಎಳೆಯಿರಿ. ಒಣ ಧೂಳಿನ ಮೇಲೆ ನಿಲ್ಲಲಾಗದೆ ಜಾರುವುದನ್ನು ರೆಫರಿ ಟ್ರಾವೆಲಿಂಗ್ ಎಂದು ಕೊಡಬಹುದು. ಚಳಿಗಾಲದ ಬೆಳಗ್ಗೆ ಇಬ್ಬನಿಗೆ ನೆಲ ನುಣ್ಣಗಾಗಿರುತ್ತದೆ, ಬಿಸಿಲು ತಾಕುವವರೆಗೂ ಓಟ ಬೇಡ, ನಿಂತು ಮಾಡುವ ಬಾಲ್ ಕೆಲಸ ಮಾಡಿ. ಹೊರಗಿನ ಊರಿನ ಕೋರ್ಟಿಗೆ 45 ನಿಮಿಷ ಮೊದಲೇ ಹೋಗಿ, ಬೋರ್ಡಿಗೆ ತಾಗಿ ಬಾಲ್ ಹೇಗೆ ಪುಟಿಯುತ್ತದೆ ನೋಡಿ. ಗಾಜಿನ ಬೋರ್ಡಿಗೂ ಮರದ ಬೋರ್ಡಿಗೂ ತುಂಬ ಅಂತರವಿದೆ.

## ಬಾಲ್ ಕೈಯಲ್ಲಿದ್ದಾಗ

ನಮ್ಮವರು ಬಾಲ್ ಕಳ್ಕೊಳ್ಳೋದೇ ಜಾಸ್ತಿ. ‘ಹುಷಾರಾಗಿ ಆಡ್ರೋ’ ಅಂತ ಕೂಗಿದ್ರೂ ಅಷ್ಟೇ. ಏನು ಮಾಡೋದು?

ಕೂಗಿದರೆ ಹೆದರಿಕೆ ಹೆಚ್ಚುತ್ತದೆ, ಹೆದರಿದವನು ಬಾಲನ್ನು ಬೇಗ ಕೈಬಿಡುತ್ತಾನೆ. ಹಾಳೆಯಲ್ಲಿ ಪ್ರತಿ ಟರ್ನೋವರ್ ಮುಂದೆ ಅದು ಯಾವ ಬಗೆಯದು ಎಂದು ಒಂದಕ್ಷರ ಬರೆಯಿಸಿ: ಪಾಸ್, ಟ್ರಾವೆಲಿಂಗ್, ಗುಂಪಿನೊಳಗೆ ಡ್ರಿಬಲ್, ಸಮಯ. ಮದ್ದು ಬೇರೆ ಬೇರೆ.

ಪಾಸ್ ಕೆಡುವುದಕ್ಕೆ ಹೆಚ್ಚಿನ ಪಾಲು ಕಾರಣ ಪಾಸ್ ತೆಗೆದುಕೊಳ್ಳುವವನು. ಅವನು ನಿಂತಲ್ಲೇ ಕೈಚಾಚಿ ಕಾಯುತ್ತಾನೆ, ಡಿಫೆಂಡರ್ ಮುಂದೆ ನುಗ್ಗಿ ಎತ್ತಿಕೊಂಡು ಹೋಗುತ್ತಾನೆ. ನಿಯಮ ಒಂದೇ ಇರಲಿ: ಬಾಲ್ ಕಡೆಗೆ ಒಂದು ಹೆಜ್ಜೆ ಮುಂದೆ ಬಂದು ಎರಡೂ ಕೈಯಲ್ಲಿ ಹಿಡಿಯಬೇಕು, ಡಿಫೆಂಡರ್ ಇಲ್ಲದ ಕಡೆಯ ಕೈಯನ್ನು ಗುರಿಯಾಗಿ ತೋರಿಸಬೇಕು. ಪಾಸ್ ಮಾಡುವವನಿಗೆ ಎರಡು ನಿಷೇಧ: ಗಾಳಿಯಲ್ಲಿ ಹಾರಿದ ಮೇಲೆ ಯಾರಿಗೆ ಕೊಡಲಿ ಎಂದು ಹುಡುಕಬಾರದು, ಕೋರ್ಟಿನ ಒಂದು ಬದಿಯಿಂದ ಇನ್ನೊಂದು ಬದಿಗೆ ತಲೆಯ ಮೇಲಿಂದ ಉದ್ದ ಪಾಸ್ ತೇಲಿಸಬಾರದು. ಈ ಎರಡನ್ನು ನಿಲ್ಲಿಸಿದ ವಾರವೇ ಸಂಖ್ಯೆ ಇಳಿಯುತ್ತದೆ.

ಟ್ರಾವೆಲಿಂಗ್ ಬಹುತೇಕ ಒಂದೇ ಜಾಗದಲ್ಲಿ ಆಗುತ್ತದೆ. ನಿಂತು ಬಾಲ್ ಹಿಡಿದವನು ಡ್ರೈವ್ ಹೊಡೆಯುವ ಅವಸರದಲ್ಲಿ ಬಾಲ್ ನೆಲಕ್ಕೆ ಬಿಡುವ ಮೊದಲೇ ಪಿವಟ್ ಕಾಲು (ಊರಿ ತಿರುಗುವ ಕಾಲು) ಎತ್ತುತ್ತಾನೆ. ನಿಂತಿದ್ದಾಗ ಪಿವಟ್ ಕಾಲು ಏಳುವ ಮೊದಲೇ ಬಾಲ್ ಕೈಬಿಟ್ಟಿರಬೇಕು. ಓಡುತ್ತಾ ಹಿಡಿದಿದ್ದರೆ ಎರಡನೇ ಹೆಜ್ಜೆಗೆ ಮೊದಲು ಬಿಟ್ಟಿರಬೇಕು. ದಿನಾ ಒಬ್ಬೊಬ್ಬರಿಗೆ ಇಪ್ಪತ್ತು ಸಲ ಎರಡು ಕಾಲಲ್ಲಿ ಜಂಪ್ ಸ್ಟಾಪ್, ಪಿವಟ್, ಆಮೇಲೆ ಉದ್ದ ಮೊದಲ ಡ್ರಿಬಲ್. ಎರಡು ವಾರದಲ್ಲಿ ಕಾಲಿಗೆ ಬುದ್ಧಿ ಬರುತ್ತದೆ.

ಅಭ್ಯಾಸಕ್ಕೆ ಎರಡು ಡ್ರಿಲ್ ಸಾಕು. ಒಂದು, ಅರ್ಧ ಕೋರ್ಟಿನಲ್ಲಿ ನಾಲ್ಕು ಜನರ ಮೇಲೆ ನಾಲ್ಕು ಜನ, ಡ್ರಿಬಲ್ ಇಲ್ಲ, ಸತತ 10 ಪಾಸ್ ಆದರೆ ಒಂದು ಅಂಕ. ಎರಡು, ಐದು ಜನರ ಎದುರು ಆರು ಡಿಫೆಂಡರ್‌ಗಳು. ಒಬ್ಬ ಹೆಚ್ಚಿದ್ದಾಗ ಸಲೀಸಾಗಿ ಬಾಲ್ ಆಡಿಸಿದವರಿಗೆ ಮ್ಯಾಚ್‌ನಲ್ಲಿ ಐದು ಜನ ಕಡಿಮೆ ಅನ್ನಿಸುತ್ತಾರೆ.

ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಫ್ರೀ ಥ್ರೋ ಹಾಕ್ತೀವಿ, ಮ್ಯಾಚಲ್ಲಿ ನಾಲ್ಕೂ ಬೀಳಲ್ಲ. ಇದೇನು ಭಯಾನಾ?

ಸ್ವಲ್ಪ ಭಯ, ಹೆಚ್ಚು ದಣಿವು. ಅಭ್ಯಾಸದಲ್ಲಿ ಒಬ್ಬನೇ ನಿಂತು ಸಾಲಾಗಿ ಹತ್ತು ಎಸೆದರೆ ಮೂರನೆಯದರಿಂದ ಕೈ ಹೊಂದಿಕೊಳ್ಳುತ್ತದೆ. ಮ್ಯಾಚ್‌ನಲ್ಲಿ ಸಿಗುವುದು ಎರಡೇ, ಅದೂ ಓಡಿ ಏದುಸಿರು ಬಿಡುವಾಗ. ಹಾಗಾಗಿ ಅಭ್ಯಾಸದಲ್ಲೂ ಎರಡೇ ಎಸೆದು ಜಾಗ ಬಿಡಬೇಕು, ಕೋರ್ಟಿನ ಉದ್ದ ಒಮ್ಮೆ ಓಡಿ ಬಂದು ಮತ್ತೆ ಎರಡು. ಹೀಗೆ ದಿನಕ್ಕೆ ಐದು ಸುತ್ತು, ಬಿದ್ದದ್ದನ್ನು ಬರೆದಿಡಿ. ಎಸೆಯಲು ಇರುವುದು 5 ಸೆಕೆಂಡ್. ಅಷ್ಟರೊಳಗೆ ಮುಗಿಯುವ ಒಂದೇ ಕ್ರಮ ಇರಲಿ: ಕಾಲಿಡುವುದು, ಎರಡು ಡ್ರಿಬಲ್, ಉಸಿರು ಪೂರ್ತಿ ಬಿಡುವುದು, ಎಸೆತ.

ಬಾಲ್ ರಿಂಗಿನ ಮುಂದಂಚಿಗೆ ತಾಗಿ ಬೀಳುತ್ತಿದ್ದರೆ ಮಂಡಿ ಬಗ್ಗುತ್ತಿಲ್ಲ ಎಂದರ್ಥ. ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ ಆಧಾರದ ಕೈಯ ಹೆಬ್ಬೆರಳು ಬಾಲನ್ನು ತಳ್ಳುತ್ತಿರಬಹುದು. ಸೀಸನ್‌ನಲ್ಲಿ ಇಷ್ಟು ತಿದ್ದಿದರೆ ಸಾಕು.

ತ್ರೀ ಪಾಯಿಂಟ್ ಜಾಸ್ತಿ ಎಸೀಬೇಕಾ? ಎಲ್ಲಾ ಟೀಮೂ ಅದನ್ನೇ ಮಾಡ್ತಿದೆ.

ಲೆಕ್ಕ ಮಾಡಿ ನೋಡಿ. ನೂರಕ್ಕೆ 30 ತ್ರೀ ಹಾಕುವವನು ಎಸೆತಕ್ಕೆ 0.9 ಅಂಕ ತರುತ್ತಾನೆ. ನೂರಕ್ಕೆ 60 ಲೇಅಪ್ ಹಾಕುವವನು ತರುವುದು 1.2. ಮಧ್ಯದ ದೂರದಿಂದ ನೂರಕ್ಕೆ 35 ಹಾಕಿದರೆ 0.7 ಮಾತ್ರ. ಎಲ್ಲಕ್ಕಿಂತ ನಷ್ಟದ್ದು ತ್ರೀ ಗೆರೆಯ ಒಳಗೆ ಒಂದು ಹೆಜ್ಜೆ ಇಟ್ಟು ಎಸೆಯುವ ಶಾಟ್. ತಂಡದಲ್ಲಿ ಅಭ್ಯಾಸದ ಹಾಳೆ ಪ್ರಕಾರ ಮೂರಕ್ಕೊಂದು ಹಾಕುವ ಇಬ್ಬರಿದ್ದರೆ ಆ ಇಬ್ಬರಿಗಷ್ಟೇ ಅನುಮತಿ ಕೊಡಿ, ಅದೂ ಪಾಸ್ ಹಿಡಿದು ಕಾಲು ಊರಿ ನಿಂತಾಗ.

ಅದಕ್ಕೂ ಮೊದಲು ಯಾರೂ ಅಡ್ಡವಿಲ್ಲದ ಲೇಅಪ್ ಎಷ್ಟು ತಪ್ಪಿಸುತ್ತಿದ್ದೀರಿ ಎಣಿಸಿ. ತಪ್ಪುವುದು ವೇಗದಿಂದ: ಬೋರ್ಡಿನ ಚೌಕ ನೋಡದೆ ರಿಂಗ್ ಕೆಳಗೆ ತೀರಾ ಒಳಗೆ ನುಗ್ಗಿ ಎಸೆಯುತ್ತಾರೆ. ಹಿಂದಿನಿಂದ ಒಬ್ಬ ಅಟ್ಟಿಸಿಕೊಂಡು ಬರುವಂತೆ ಅಭ್ಯಾಸ ಮಾಡಿಸಿ.

## ಡಿಫೆನ್ಸ್ ಮತ್ತು ರೀಬೌಂಡ್

ನಮ್ಮ ಟೀಮಲ್ಲಿ ಆರಡಿ ಮೇಲೆ ಒಬ್ಬನೂ ಇಲ್ಲ. ರೀಬೌಂಡ್ ಹೆಂಗೆ ಸಿಗುತ್ತೆ?

ಎತ್ತರದವನನ್ನು ರಿಂಗಿನಿಂದ ಎರಡು ಮೀಟರ್ ದೂರ ನಿಲ್ಲಿಸಿದರೆ ಅವನ ಎತ್ತರ ಕೆಲಸಕ್ಕೆ ಬರುವುದಿಲ್ಲ. ಬಾಕ್ಸ್ ಔಟ್ ಎಂದರೆ ಅದೇ. ಶಾಟ್ ಎದ್ದ ಕೂಡಲೇ ಎಲ್ಲರೂ ಬಾಲ್ ನೋಡುತ್ತಾ ನಿಲ್ಲುವುದು ಮೂಲ ತಪ್ಪು. ಕ್ರಮ ಹೀಗಿರಲಿ: ಶಾಟ್ ಎಂದು ಜೋರಾಗಿ ಕೂಗು, ತನ್ನ ಆಟಗಾರ ಎಲ್ಲಿದ್ದಾನೆ ನೋಡು, ಎದೆಗೆ ಮುಂಗೈ ತಾಗಿಸಿ ಅವನ ಓಟ ತಡೆ, ತಿರುಗಿ ಬೆನ್ನು ಕೊಟ್ಟು ಸೊಂಟ ಇಳಿಸಿ ಅಗಲವಾಗಿ ನಿಲ್ಲು, ಆಮೇಲೆ ಬಾಲ್ ನೋಡು. ಕೈ ಹಿಂದಕ್ಕೆ ಚಾಚಿ ಹಿಡಿದುಕೊಂಡರೆ ಫೌಲ್. ಮೊಣಕೈ ಪಕ್ಕಕ್ಕೆ, ಅಂಗೈ ಮೇಲಕ್ಕೆ ಇರಬೇಕು.

ಎಲ್ಲಿ ಕಾಯಬೇಕು ಎನ್ನುವುದೂ ಮುಖ್ಯ. ಮೂಲೆಯಿಂದ, ಪಕ್ಕದಿಂದ ಎಸೆದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ. ದೂರದಿಂದ ಎಸೆದದ್ದು ದೂರಕ್ಕೇ ಪುಟಿಯುತ್ತದೆ. ತ್ರೀ ತಪ್ಪಿದಾಗ ರೀಬೌಂಡ್ ಫ್ರೀ ಥ್ರೋ ಗೆರೆಯ ಹತ್ತಿರದವರೆಗೂ ಬರಬಹುದು, ಅಲ್ಲಿ ಗಾರ್ಡ್‌ಗಳು (ಹೊರಗಿನಿಂದ ಬಾಲ್ ಆಡಿಸುವವರು) ಇರಬೇಕು. ಬಹುಪಾಲು ಕಾಲೇಜು ತಂಡಗಳ ಗಾರ್ಡ್‌ಗಳು ಶಾಟ್ ಎದ್ದ ಕೂಡಲೇ ಫಾಸ್ಟ್ ಬ್ರೇಕಿಗೆ ಓಡಿಬಿಡುತ್ತಾರೆ, ಬಾಲ್ ಇನ್ನೂ ಸಿಕ್ಕಿರುವುದಿಲ್ಲ. ಎದುರಾಳಿಗೆ ಆಫೆನ್ಸಿವ್ ರೀಬೌಂಡ್ ಸಿಕ್ಕರೆ ಶಾಟ್ ಕ್ಲಾಕ್ (ಶಾಟ್ ಎಸೆಯಲು ಇರುವ ಸಮಯ) ಮತ್ತೆ 14 ಸೆಕೆಂಡಿಗೆ ಬರುತ್ತದೆ, ನಮ್ಮ ಕಾಲುಗಳು ಇನ್ನೊಂದು ಸುತ್ತು ಡಿಫೆನ್ಸ್ ಆಡಬೇಕು.

ಡ್ರಿಲ್: ಮೂವರ ಮೇಲೆ ಮೂವರು, ಪಿ.ಡಿ. ಸರ್ ಬೇಕೆಂದೇ ತಪ್ಪಿಸಿ ಎಸೆಯಲಿ. ಡಿಫೆನ್ಸ್ ಸತತ ಮೂರು ರೀಬೌಂಡ್ ಹಿಡಿಯುವವರೆಗೆ ಆಚೆ ಬರುವಂತಿಲ್ಲ. ಒಮ್ಮೆ ಬಾಲ್ ನೆಲಕ್ಕೆ ಬಿದ್ದ ಮೇಲೆ ಹಿಡಿದರೆ ಬಾಕ್ಸ್ ಔಟ್ ಸರಿಯಾಗಿದೆಯೆಂದು ಎರಡು ಅಂಕ ಕೊಡಿ.

ಮ್ಯಾನ್ ಟು ಮ್ಯಾನ್ ಆಡಬೇಕಾ, ಝೋನ್ ಆಡಬೇಕಾ?

ಮೂಲ ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವುದು) ಇರಲಿ, ಜೊತೆಗೆ ಒಂದೇ ಒಂದು ಝೋನ್ (ಆಟಗಾರನ ಬದಲು ಜಾಗ ಕಾಯುವುದು). 2-3 ಝೋನ್ (ಮುಂದೆ ಇಬ್ಬರು, ರಿಂಗಿನ ಬಳಿ ಮೂವರು) ದಣಿವು ಕಡಿಮೆ ಮಾಡುತ್ತದೆ, ಫೌಲ್ ಉಳಿಸುತ್ತದೆ. ಆದರೆ ಅದರ ಬಾಗಿಲುಗಳು ಎಲ್ಲರಿಗೂ ಗೊತ್ತು: ಎರಡೂ ಮೂಲೆಗಳು ಮತ್ತು ಫ್ರೀ ಥ್ರೋ ಗೆರೆಯ ನಡುಭಾಗ. ಅಲ್ಲಿ ಬಾಲ್ ಹಿಡಿದು ತಿರುಗುವ ಒಬ್ಬ ಎದುರಾಳಿ ಇದ್ದರೆ ಝೋನ್ ಚದುರುತ್ತದೆ. ಝೋನ್‌ನಲ್ಲಿ ಬಾಕ್ಸ್ ಔಟ್ ಮಾಡಲು ಯಾರು ಯಾರನ್ನು ಹಿಡಿಯಬೇಕೆಂಬ ಗೊಂದಲವೂ ಇರುತ್ತದೆ. ರೀಬೌಂಡೇ ನಿಮ್ಮ ತೊಂದರೆಯಾದರೆ ಝೋನ್ ಅದನ್ನು ಹೆಚ್ಚಿಸುತ್ತದೆ.

ಮ್ಯಾನ್ ಟು ಮ್ಯಾನ್ ಕೆಡುವುದು ಬಾಲ್ ಇಲ್ಲದ ಬದಿಯಲ್ಲಿ. ತನ್ನ ಆಟಗಾರನಿಗೇ ಅಂಟಿಕೊಂಡವನು ಡ್ರೈವ್ ತಡೆಯಲು ಬರುವುದಿಲ್ಲ. ಬಾಲ್ ಒಂದು ಬದಿಯಲ್ಲಿದ್ದಾಗ ಇನ್ನೊಂದು ಬದಿಯ ಡಿಫೆಂಡರ್ ಒಂದು ಕಾಲನ್ನಾದರೂ ಪೇಂಟ್ ಒಳಗಿಟ್ಟು ಒಂದು ಕೈ ಬಾಲ್ ಕಡೆ, ಒಂದು ಕೈ ತನ್ನವನ ಕಡೆ ತೋರಿಸುತ್ತಾ ನಿಲ್ಲಬೇಕು. ಬಾಲ್ ಬದಿ ಬದಲಿಸಿದಾಗ ಓಡಿ ಹೋಗಿ ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿ ಇಟ್ಟು, ಒಂದು ಕೈ ಮೇಲೆತ್ತಿ ನಿಲ್ಲಬೇಕು. ಪೂರ್ತಿ ವೇಗದಲ್ಲಿ ನುಗ್ಗಿದವನನ್ನು ಒಂದೇ ಫೇಕ್‌ನಲ್ಲಿ ದಾಟಿಬಿಡುತ್ತಾರೆ.

ಮೂರನೇ ಕ್ವಾರ್ಟರ್‌ಗೇ ನಮ್ಮ ಮೇನ್ ಪ್ಲೇಯರ್‌ಗೆ ನಾಲ್ಕು ಫೌಲ್. ಹೆಂಗೆ ತಡೆಯೋದು?

ಐದಾದರೆ ಅವನು ಹೊರಗೆ. ಅಷ್ಟೇ ಅಲ್ಲ, ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಫೌಲ್ ಹಾಳೆ ತೆಗೆದು ನೋಡಿದರೆ ಮೂರು ಬಗೆ ಎದ್ದು ಕಾಣುತ್ತವೆ: ದಾಟಿ ಹೋದವನ ಬಾಲಿಗೆ ಹಿಂದಿನಿಂದ ಕೈಹಾಕುವುದು, ಪಂಪ್ ಫೇಕಿಗೆ (ಎಸೆಯುವಂತೆ ನಟಿಸುವುದಕ್ಕೆ) ಹಾರುವುದು, ಎಸೆದವನು ಇಳಿಯುವ ಜಾಗಕ್ಕೆ ಕಾಲು ತೂರಿಸುವುದು. ಕೊನೆಯದು ಎದುರಾಳಿಯ ಪಾದ ಉಳುಕಿಸುವ ಫೌಲ್, ಅದನ್ನು ತಂಡ ಎಂದೂ ಸಹಿಸಬಾರದು.

ವಾರಕ್ಕೆ ಎರಡು ಸಲ ಐದು ನಿಮಿಷ, ಟವೆಲ್ಲನ್ನು ಕತ್ತಿನ ಹಿಂದೆ ಹಾಕಿ ಎರಡೂ ತುದಿ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಡಿಫೆನ್ಸ್ ಆಡಿಸಿ. ಕೈ ಇಲ್ಲದಾಗ ಕಾಲು ಸರಿಸಲು ಕಲಿಯುತ್ತಾರೆ. ಮ್ಯಾಚ್‌ನಲ್ಲಿ ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಆದವನನ್ನು ಅರ್ಧಾವಧಿವರೆಗೆ ಕೂರಿಸುವುದು ಒಳ್ಳೆಯದು.

ಫುಲ್ ಕೋರ್ಟ್ ಪ್ರೆಸ್ ಹಾಕಿದ ತಕ್ಷಣ ನಮ್ಮವರು ಕಂಗಾಲಾಗ್ತಾರೆ. ಬಿಡಿಸಿಕೊಳ್ಳೋಕೆ ಸುಲಭ ದಾರಿ ಇದೆಯಾ?

ಪ್ರೆಸ್ ಬೇಟೆಯಾಡುವುದು ಡ್ರಿಬಲ್ ಮಾಡುವವನನ್ನು. ಬಾಲ್ ಹಿಡಿದ ಕೂಡಲೇ ತಲೆ ಬಗ್ಗಿಸಿ ಡ್ರಿಬಲ್ ಶುರು ಮಾಡಿದರೆ ಇಬ್ಬರು ಬಂದು ಸೈಡ್‌ಲೈನಿಗೆ ಒತ್ತುತ್ತಾರೆ. ಮೊದಲು ನೋಡಬೇಕು, ಆಮೇಲೆ ಪಾಸ್, ಡ್ರಿಬಲ್ ಕೊನೆಗೆ.

ಜಾಗಗಳು: ಒಬ್ಬ ಬಾಲ್ ಒಳಗೆ ಕೊಡುವವನು, ಒಬ್ಬ ಹತ್ತಿರ ಹಿಡಿಯುವವನು, ಒಬ್ಬ ನಡುವಿನ ವೃತ್ತದಿಂದ ಬಾಲ್ ಕಡೆಗೆ ಓಡಿ ಬರುವವನು, ಒಬ್ಬ ಅದೇ ಬದಿಯ ಸೈಡ್‌ಲೈನಿನಲ್ಲಿ ಮುಂದೆ, ಒಬ್ಬ ಎದುರು ರಿಂಗಿನ ಹತ್ತಿರ. ಬಾಲ್ ಕೊಟ್ಟವನು ಮುಂದಕ್ಕೆ ಓಡದೆ ಬಾಲಿನ ಹಿಂದೆ ಉಳಿಯಲಿ, ಸಿಕ್ಕಿಬಿದ್ದವನಿಗೆ ಅವನೇ ಹಿಂದಿನ ದಾರಿ. ಹಿಡಿಯುವವನು ಮೂಲೆಯಲ್ಲಿ ನಿಲ್ಲಬಾರದು, ಅಲ್ಲಿ ಎರಡು ಗೆರೆಗಳೇ ಇನ್ನಿಬ್ಬರು ಡಿಫೆಂಡರ್‌ಗಳು. ಅರ್ಧ ಗೆರೆ ದಾಟಿದ ಕೂಡಲೇ ಪಕ್ಕದಲ್ಲಿ ನಿಲ್ಲುವುದೂ ಬಲೆಯೇ, ಹಿಂದಕ್ಕೆ ಪಾಸ್ ಕೊಡುವಂತಿಲ್ಲ.

ಎರಡು ನಿಯಮ ಎಲ್ಲರ ಬಾಯಲ್ಲಿರಲಿ. ಬಾಲ್ ಒಳಗೆ ಕೊಡಲು 5 ಸೆಕೆಂಡ್, ಅರ್ಧ ಗೆರೆ ದಾಟಲು 8. ಎದುರಾಳಿ ಬಾಸ್ಕೆಟ್ ಹಾಕಿದ ಮೇಲೆ ಬಾಲ್ ಕೊಡುವವನು ಎಂಡ್‌ಲೈನ್ ಹಿಂದೆ ಆಚೀಚೆ ಓಡಬಹುದು. ಇದನ್ನು ಬಳಸುವವರು ಕಡಿಮೆ. ಅಭ್ಯಾಸದಲ್ಲಿ ಐವರ ಮೇಲೆ ಏಳು ಜನರನ್ನು ಬಿಡಿ.

## ದೇಹ, ಊಟ, ಗಾಯ

ಕೊನೇ ಕ್ವಾರ್ಟರ್‌ನಲ್ಲಿ ಕಾಲೇ ಓಡಲ್ಲ. ಬೆಳಗ್ಗೆ ಐದು ಕಿಲೋಮೀಟರ್ ಓಡಿಸ್ತಿದೀವಿ, ಆದ್ರೂ ಇಷ್ಟೇ.

ಬಾಸ್ಕೆಟ್‌ಬಾಲ್ ಒಂದೇ ವೇಗದ ಓಟವಲ್ಲ. ಓಡು, ನಿಲ್ಲು, ಜಿಗಿ, ತಿರುಗು. ಉದ್ದ ಓಟ ಸೀಸನ್‌ನಲ್ಲಿ ಕಾಲನ್ನು ದಣಿಸುತ್ತದೆ, ಬೇಕಾದ ಶಕ್ತಿ ಕೊಡುವುದಿಲ್ಲ. ಅದರ ಬದಲು ಕೋರ್ಟಿನ ಅಗಲ, ಅಂದರೆ 15 ಮೀಟರ್, ಸೈಡ್‌ಲೈನಿನಿಂದ ಸೈಡ್‌ಲೈನಿಗೆ 17 ಸಲ. ಹುಡುಗರು ಸುಮಾರು 65 ಸೆಕೆಂಡಿನಲ್ಲಿ ಮುಗಿಸಲು ನೋಡಲಿ. ಮೂರು ನಿಮಿಷ ಬಿಟ್ಟು ಇನ್ನೊಮ್ಮೆ. ವಾರಕ್ಕೆ ಒಂದೇ ದಿನ, ಮ್ಯಾಚ್‌ಗೆ ಮುಂಚಿನ 48 ಗಂಟೆಯಲ್ಲಿ ಬೇಡ. ವಾರಕ್ಕೆ ಎರಡು ದಿನ 25 ನಿಮಿಷ ಸ್ಕ್ವಾಟ್, ಲಂಜ್, ಒಂಟಿಕಾಲಿನ ಹಿಮ್ಮಡಿ ಎತ್ತುವುದು, ಪುಷ್‌ಅಪ್.

ಉಳಿದ ಕಾರಣ ಊಟ ಮತ್ತು ನೀರು. ಹಿಂದಿನ ರಾತ್ರಿ ಮುದ್ದೆ-ಸಾರು ಚೆನ್ನ, ಆದರೆ ಮ್ಯಾಚ್‌ಗೆ ಮುಂಚೆ ಹೊಟ್ಟೆಗೆ ಭಾರ. ಆಟಕ್ಕೆ ಮೂರು ಗಂಟೆ ಮೊದಲು ಎರಡು ತಟ್ಟೆ ಇಡ್ಲಿ, ಚಟ್ನಿ. ಅರ್ಧ ಗಂಟೆ ಮೊದಲು ಏಲಕ್ಕಿ ಬಾಳೆ ಎರಡು. ಪೂರಿ, ಬೋಂಡ, ವಡೆ ಬೇಡ, ಎಣ್ಣೆ ತಡವಾಗಿ ಕರಗುತ್ತದೆ. ನೀರು ಎರಡು ಗಂಟೆ ಮೊದಲು ಅರ್ಧ ಲೀಟರ್, ಆಮೇಲೆ ಪ್ರತಿ ಬ್ರೇಕಿಗೂ ಒಂದು ಲೋಟ. ಆಟದ ಮುಂಚೆ, ಆಟದ ನಂತರ ತೂಕ ನೋಡಿ. 60 ಕೆಜಿಯವನು 1.2 ಕೆಜಿಗಿಂತ ಹೆಚ್ಚು ಇಳಿದಿದ್ದರೆ ಅವನು ಕುಡಿದದ್ದು ಸಾಲದು. ಎಳನೀರು ನಮ್ಮಲ್ಲಿ ಹೇರಳ, ಪೊಟ್ಯಾಸಿಯಂ ಚೆನ್ನಾಗಿದೆ, ಆದರೆ ಬೆವರಿನಲ್ಲಿ ಹೋಗುವ ಉಪ್ಪು ಅದರಲ್ಲಿ ಕಡಿಮೆ. ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಅಳೆದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಬಾಟಲಿಗೆ ತುಂಬಿಕೊಳ್ಳಿ.

ಪಾದ ಉಳುಕಿದೆ, ನಾಡಿದ್ದು ಮ್ಯಾಚ್. ಕಟ್ಟಿಕೊಂಡು ಆಡಬಹುದಾ?

ಮೊದಲು ಎಕ್ಸ್‌ರೇ ಬೇಕೇ ಎಂದು ನೋಡಿ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಕಣಕಾಲಿನ ಗಂಟುಮೂಳೆಯ ಹಿಂದಿನ ಅಂಚನ್ನು ಒತ್ತಿದಾಗ ಮೂಳೆಯ ಮೇಲೇ ನೋವಿದ್ದರೆ, ನಡುಪಾದದ ಹೊರಬದಿ ಅಥವಾ ಒಳಬದಿಯ ಮೂಳೆ ಒತ್ತಿದಾಗ ನೋವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಕ್ರೇಪ್ ಬ್ಯಾಂಡೇಜ್, ಕಾಲು ಎದೆಗಿಂತ ಎತ್ತರ, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ಉಜ್ಜಿಸಬೇಡಿ, ಎಳೆಸಬೇಡಿ, ಬಿಸಿನೀರಿನ ಶಾಖ ಬೇಡ. ಊತ ಹೆಚ್ಚುತ್ತದೆ.

ಆಡಬಹುದೇ ಎಂಬುದಕ್ಕೆ ಪರೀಕ್ಷೆ: ಆ ಕಾಲೊಂದರ ಮೇಲೆ 30 ಸೆಕೆಂಡ್ ನಿಲ್ಲು, ನೋವಿಲ್ಲದೆ ಹತ್ತು ಸಲ ಒಂಟಿಕಾಲಲ್ಲಿ ಕುಪ್ಪಳಿಸು, ಎಂಟರ ಆಕಾರದಲ್ಲಿ ಓಡು. ಮೂರರಲ್ಲಿ ಒಂದು ಆಗದಿದ್ದರೂ ಕೂರಿಸಿ. ನೋವಿನ ಮಾತ್ರೆ ನುಂಗಿಸಿ ಇಳಿಸುವುದು ಆ ಮಗುವಿಗೆ ಮಾಡುವ ಅನ್ಯಾಯ. ಒಮ್ಮೆ ಉಳುಕಿದ ಪಾದ ಮತ್ತೆ ಉಳುಕುವುದು ಬೇಗ, ಹಾಗಾಗಿ ವಾಸಿಯಾದ ಮೇಲೂ ಸೀಸನ್ ಪೂರ್ತಿ ಆ್ಯಂಕಲ್ ಸಪೋರ್ಟ್ ಹಾಕಲಿ.

ಹುಡುಗಿಯರ ಟೀಮ್‌ಗೆ ಬೇರೆ ಏನಾದ್ರೂ ನೋಡ್ಕೋಬೇಕಾ ಮೇಡಂ?

ಮಂಡಿ. ಯಾರೂ ತಾಗದೆ, ಬರೀ ಇಳಿಯುವಾಗ ಅಥವಾ ತಿರುಗುವಾಗ ಮಂಡಿಯ ಲಿಗಮೆಂಟ್ ಹರಿಯುವುದು ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಇಳಿದಾಗ ಮಂಡಿಗಳು ಒಳಕ್ಕೆ ಬಾಗುತ್ತಿವೆಯೇ ಎಂದು ಎದುರಿಗೆ ನಿಂತು ನೋಡಿ. ವಾರ್ಮಪ್‌ನಲ್ಲಿ ವಾರಕ್ಕೆ ಮೂರು ದಿನ: ಎರಡು ಕಾಲಲ್ಲಿ ಜಿಗಿದು ಸದ್ದಿಲ್ಲದೆ ಇಳಿಯುವುದು, ಒಂಟಿಕಾಲ ಸಮತೋಲನ, ಮಂಡಿ ಪಾದದ ಬೆರಳಿನ ನೇರಕ್ಕೆ ಇರುವಂತೆ ಸ್ಕ್ವಾಟ್. ಬಾಲ್ 6ನೇ ಸೈಜಿನದೇ ಇರಲಿ, ಹುಡುಗರ 7ರಲ್ಲಿ ಅಭ್ಯಾಸ ಮಾಡಿಸಿದರೆ ಶೂಟಿಂಗ್ ಕೆಡುತ್ತದೆ. ಮುಟ್ಟಿನ ದಿನ ಆಡಬೇಕೋ ಬೇಡವೋ ಎಂಬುದು ಅವಳ ತೀರ್ಮಾನ, ಕಾರಣ ಕೇಳದೆ ಒಪ್ಪಿ.

## ಮುಂದಿನ ಹಂತ

ಒಬ್ಬನೇ ಪಾಯಿಂಟ್ ಗಾರ್ಡ್ ಮೇಲೆ ಟೀಮ್ ನಿಂತಿದೆ. ಅವನು ಕೂತ್ರೆ ಎಲ್ಲಾ ಮುಗೀತು. ಬೆಂಚ್ ಹೆಂಗೆ ತಯಾರು ಮಾಡೋದು?

ಅಭ್ಯಾಸದ ಐದೈದರ ಆಟದಲ್ಲಿ ವಾರಕ್ಕೆ ಒಂದು ದಿನ ಅವನನ್ನು ಬೇಕೆಂದೇ ಕೂರಿಸಿ. ಎರಡನೇ ಗಾರ್ಡಿಗೆ ಹತ್ತು ಪ್ಲೇ ಕಲಿಸದೆ ಎರಡೇ ಕಲಿಸಿ. ಮ್ಯಾಚ್‌ನಲ್ಲಿ ಎರಡನೇ ಕ್ವಾರ್ಟರ್ ಶುರುವಿನಲ್ಲೇ ಮೂರು ನಿಮಿಷ ಅವನಿಗೆ ಕೊಡಿ, ಒಟ್ಟಿಗೆ ಐವರನ್ನೂ ಬದಲಿಸದೆ ಇಬ್ಬಿಬ್ಬರಂತೆ. ಸ್ಕೋರ್ ಕೈಮೀರಿದ ಮೇಲೆ ಬೆಂಚ್ ಇಳಿಸಿದರೆ ಅವರು ಕಲಿಯುವುದು ಸೋಲುವುದನ್ನು ಮಾತ್ರ.

ಕೊನೇ ಎರಡು ನಿಮಿಷ, ಮೂರು ಅಂಕ ಹಿಂದೆ. ಟೈಮ್‌ಔಟ್, ಫೌಲ್, ಶಾಟ್ ಯಾವ ಕ್ರಮದಲ್ಲಿ?

ನಿಯಮ ಮೊದಲು. ಎರಡನೇ ಅರ್ಧದಲ್ಲಿ ಮೂರು ಟೈಮ್‌ಔಟ್ ಇದ್ದರೂ ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಬಳಸುವಂತಿಲ್ಲ. ಮೂರನ್ನೂ ಉಳಿಸಿಕೊಂಡರೆ ಒಂದು ವ್ಯರ್ಥ. ಕೊನೆಯ ಎರಡು ನಿಮಿಷದಲ್ಲಿ ನಮ್ಮ ಹಿಂದಿನ ಅರ್ಧದಿಂದ ಬಾಲ್ ಹಾಕಬೇಕಾದಾಗ ಟೈಮ್‌ಔಟ್ ತೆಗೆದರೆ ಮುಂದಿನ ಅರ್ಧದ ಸೈಡ್‌ಲೈನಿನಿಂದ ಹಾಕಲು ಕೋಚ್ ಆರಿಸಬಹುದು. ಆಗ ಶಾಟ್ ಕ್ಲಾಕ್ 14ಕ್ಕೆ ಇಳಿಯುತ್ತದೆ, 13 ಅಥವಾ ಕಡಿಮೆ ಇದ್ದರೆ ಅದೇ ಮುಂದುವರಿಯುತ್ತದೆ. ಹಾಗಾಗಿ ಆ ಎರಡು ಟೈಮ್‌ಔಟ್ ಕೋರ್ಟಿನ ಅರ್ಧದಷ್ಟು ಓಟ ಉಳಿಸುತ್ತವೆ.

ಮೂರು ಅಂಕ ಹಿಂದೆ, 40 ಸೆಕೆಂಡಿಗಿಂತ ಹೆಚ್ಚು ಇದ್ದರೆ ಫೌಲ್ ಬೇಡ, ಬೇಗ ಸಿಗುವ ಒಳ್ಳೆಯ ಎರಡಂಕದ ಶಾಟ್ ತೆಗೆದು ಗಟ್ಟಿಯಾಗಿ ಒಂದು ಡಿಫೆನ್ಸ್ ಆಡಿ. 24 ಸೆಕೆಂಡಿಗಿಂತ ಕಡಿಮೆ ಉಳಿದು ಬಾಲ್ ಅವರ ಬಳಿ ಇದ್ದರೆ ಫೌಲ್ ಮಾಡಲೇಬೇಕು, ಅವರಲ್ಲಿ ಫ್ರೀ ಥ್ರೋ ಕಡಿಮೆ ಬೀಳುವವನ ಮೇಲೆ. ಅವನು ಯಾರೆಂದು ನಿಮ್ಮ ನೋಟ್‌ಬುಕ್ ಹೇಳುತ್ತದೆ. ಕೈ ಬಾಲಿನ ಮೇಲೇ ಹೋಗಬೇಕು. ಜೆರ್ಸಿ ಎಳೆದರೆ, ತಬ್ಬಿ ಹಿಡಿದರೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್, ಎರಡು ಫ್ರೀ ಥ್ರೋ ಜೊತೆಗೆ ಬಾಲ್ ಕೂಡ ಅವರಿಗೇ. ಬಾಲ್ ಇನ್ನೂ ಥ್ರೋ-ಇನ್ ಮಾಡುವವನ ಕೈಯಲ್ಲಿರುವಾಗಲೇ ಫೌಲ್ ಮಾಡಿದರೂ ಅವರಿಗೆ ಒಂದು ಫ್ರೀ ಥ್ರೋ ಮತ್ತು ಮತ್ತೆ ಬಾಲ್.

ಇದನ್ನೆಲ್ಲ ಟೈಮ್‌ಔಟಿನ ಒಂದು ನಿಮಿಷದಲ್ಲಿ ಹೇಳಿಕೊಡಲಾಗದು. ಶನಿವಾರದ ಅಭ್ಯಾಸದಲ್ಲಿ ಸ್ಕೋರ್‌ಬೋರ್ಡಿನಲ್ಲಿ 60–57 ಬರೆದು, ಎರಡು ನಿಮಿಷ ಇಟ್ಟು, ಮೂರು ಸಲ ಆಡಿಸಿ.

ಟೂರ್ನಮೆಂಟಲ್ಲಿ ಒಂದೇ ದಿನ ಎರಡು ಮ್ಯಾಚ್ ಇಡ್ತಾರೆ. ಎರಡನೇದರಲ್ಲಿ ಬಿದ್ದೇ ಹೋಗ್ತೀವಿ.

ಎರಡನೇ ಮ್ಯಾಚ್ ಗೆಲ್ಲುವುದು ಮೊದಲನೆಯದರಲ್ಲಿ ಎಂಟೊಂಬತ್ತು ಜನರನ್ನು ಆಡಿಸಿದ ತಂಡ. ಹದಿನೈದು ಅಂಕ ಮುಂದಿದ್ದರೆ ಮುಖ್ಯ ಆಟಗಾರರನ್ನು ಹೊರಗೆ ತನ್ನಿ, ಅಂಕ ಹೆಚ್ಚಿಸಿಕೊಳ್ಳುವ ಆಸೆ ಬೇಡ. ಲೀಗ್‌ನಲ್ಲಿ ಅಂಕಗಳ ಅಂತರ ಲೆಕ್ಕಕ್ಕೆ ಬರುವುದಾದರೆ ಮಾತ್ರ ಬೇರೆ ಮಾತು.

ಮುಗಿದ ಅರ್ಧ ಗಂಟೆಯೊಳಗೆ ಬಾಳೆಹಣ್ಣು, ಸಕ್ಕರೆ-ಉಪ್ಪಿನ ನೀರು. ಮೂರು ಗಂಟೆಗಿಂತ ಹೆಚ್ಚು ಬಿಡುವಿದ್ದರೆ ಅನ್ನ-ಸಾರು ಅಥವಾ ಮೊಸರನ್ನ, ಹೊಟ್ಟೆ ಬಿರಿಯುವಷ್ಟಲ್ಲ. ಬಿಡುವು ಅದಕ್ಕಿಂತ ಕಡಿಮೆಯಿದ್ದರೆ ಇಡ್ಲಿ, ಬ್ರೆಡ್ ಸಾಕು. ಒದ್ದೆ ಜೆರ್ಸಿ, ಸಾಕ್ಸ್ ಬದಲಿಸಿ, ಶೂ ಬಿಚ್ಚಿ, ನೆರಳಲ್ಲಿ ಕಾಲು ಮೇಲಿಟ್ಟು ಮಲಗಲಿ. ಬೇರೆಯವರ ಮ್ಯಾಚ್ ನೋಡುತ್ತಾ ಬಿಸಿಲಲ್ಲಿ ನಿಲ್ಲುವುದನ್ನು ಕ್ಯಾಪ್ಟನ್ ತಡೆಯಬೇಕು, ಮುಂದಿನ ಎದುರಾಳಿಯನ್ನು ಬರೆದುಕೊಳ್ಳಲು ಇಬ್ಬರು ಸಾಕು. ಎರಡನೇ ಮ್ಯಾಚ್‌ಗೆ ವಾರ್ಮಪ್ 12 ನಿಮಿಷ ಮಾಡಿ, ಶುರುವಿನಲ್ಲಿ ಝೋನ್ ಆಡಿ, ಪ್ರೆಸ್ ಹಾಕುವುದಿದ್ದರೆ ಕೊನೆಯ ಕ್ವಾರ್ಟರಿಗೆ ಇಟ್ಟುಕೊಳ್ಳಿ. ಐಡಿ ಕಾರ್ಡ್, ಅರ್ಹತಾ ಪತ್ರ, ಎರಡನೇ ಜೊತೆ ಸಾಕ್ಸ್, ಕ್ರೇಪ್ ಬ್ಯಾಂಡೇಜ್, ಐಸ್ ಡಬ್ಬ, ಎರಡು ನೋಟ್‌ಬುಕ್: ಇವು ಹಿಂದಿನ ರಾತ್ರಿಯೇ ಒಂದೇ ಬ್ಯಾಗಿನಲ್ಲಿ ಇರಲಿ, ಆ ಬ್ಯಾಗ್ ಹೊರುವವನ ಹೆಸರೂ ತೀರ್ಮಾನವಾಗಿರಲಿ.